ಬೆಂಕಿಗೆ ಸಿಗದ ಹೆಸರುಗಳು

1922ರ ಜೂನ್ 30. ಅಂತರ್ಯುದ್ಧದ ನಡುವೆ ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಹೊತ್ತಿ ಉರಿಯಿತು. 1821ರಿಂದ 1851ರವರೆಗಿನ ಐರಿಷ್ ಜನಗಣತಿಯ ಬಹುಪಾಲು ಬೂದಿಯಾಯಿತು.

ಹಾಗಾದರೆ ಐರಿಷ್ ಮುತ್ತಜ್ಜನನ್ನು ಹುಡುಕುವುದೆಲ್ಲಿ?

ಮೊದಲು 1901, 1911ರ ಗಣತಿಯಲ್ಲಿ. ಎರಡೂ ಅಂತರ್ಜಾಲದಲ್ಲಿ ಉಚಿತ. ಆದರೆ ಎಚ್ಚರ, ಈ ಹತ್ತು ವರ್ಷಗಳಲ್ಲಿ ಕೆಲವರ ವಯಸ್ಸು ಹದಿನೈದು ವರ್ಷ ಏರಿಬಿಟ್ಟಿದೆ! ಕಾರಣ, 1909ರಲ್ಲಿ ಎಪ್ಪತ್ತು ತುಂಬಿದ ಬಡವರಿಗೆ ಪಿಂಚಣಿ ಶುರುವಾಗಿತ್ತು. ಎಷ್ಟೋ ಹಿರಿಯರ ಬಳಿ ಜನನ ಪತ್ರವೇ ಇರಲಿಲ್ಲ. ಅವರ ವಯಸ್ಸು ತಿಳಿಯಲು ಅಧಿಕಾರಿಗಳು ಆಗಿನ್ನೂ ಸುಡದಿದ್ದ 1841, 1851ರ ಗಣತಿಯನ್ನು ತಡಕಿದರು. ಆ ಹುಡುಕಾಟದ ಚೀಟಿಗಳು ಇಂದಿಗೂ ಇವೆ; ಸುಟ್ಟುಹೋದ ಪುಟದ ಒಂದಿಡೀ ಕುಟುಂಬ ಅಲ್ಲಿ ಸಿಕ್ಕೀತು.

ಕ್ಯಾಥೊಲಿಕ್ ಚರ್ಚುಗಳ ಜ್ಞಾನಸ್ನಾನ, ಮದುವೆ ಪುಸ್ತಕಗಳು ಊರಲ್ಲೇ ಇದ್ದುದರಿಂದ ಉಳಿದುಕೊಂಡವು. 2015ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಪ್ಯಾರಿಷ್ (ಚರ್ಚಿನ ವ್ಯಾಪ್ತಿಯ ಪ್ರದೇಶ) ಗೊತ್ತಿದ್ದರೆ ಹುಡುಕಾಟ ಸುಲಭ. ಎಷ್ಟೋ ಕಡೆ ಮಗುವಿನ ತಾಯಿಯ ತವರುಮನೆಯ ಹೆಸರೂ ಬರೆದಿರುತ್ತದೆ.