ಪಕ್ಕವಾದ್ಯದ ಮೌನ

ಕಚೇರಿಗೆ ಹೋಗಿಬಂದವರನ್ನು "ಹಾಡುಗಾರಿಕೆ ಹೇಗಿತ್ತು?" ಎಂದು ಕೇಳಿದರೆ, "ಮೃದಂಗವು ಚೆನ್ನಾಗಿ ಕೇಳಿಸಿತು" ಎಂಬ ಉತ್ತರ ಬರುವುದುಂಟು. ಈ ಮಾತಿನಲ್ಲಿ ವಿನೋದವಿದೆ, ವಿಷಾದವೂ ಇದೆ.

ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಆದ ಕಾಲವುಂಟು. ಆಲಾಪನೆಯಲ್ಲಿ ಗಾಯಕನು ನಿಲ್ಲಿಸಿದ ಮೇಲೆ ಪಿಟೀಲುಗಾರನಿಗೆ ಅವಕಾಶ. ಕಲ್ಪನಾಸ್ವರದಲ್ಲಿ ಸರದಿಯ ಉತ್ತರ. ಮೃದಂಗ, ಘಟ, ಖಂಜಿರಗಳಿಗೆ ತನಿ ಆವರ್ತನ. ಇಷ್ಟು ಉದಾರವಾದ ವ್ಯವಸ್ಥೆಯಿದ್ದರೂ ಕೆಲವರಿಗೆ ತಾಳ್ಮೆಯಿಲ್ಲ. ವಿಳಂಬಕಾಲದ ಕೃತಿಯಲ್ಲಿ ಗಾಯಕನು ಕಾರ್ವೆ ಕೊಟ್ಟು ನಿಂತೊಡನೆ ಸೊಲ್ಲುಗಳು ಆ ಎಡೆಯನ್ನು ತುಂಬಿಬಿಡುತ್ತವೆ. ಗಾಯಕನು ಧ್ವನಿಯೇರಿಸುತ್ತಾನೆ, ವಾದ್ಯಗಳೂ ಏರುತ್ತವೆ. ಈ ಪೈಪೋಟಿಯಲ್ಲಿ ಸೊರಗುವುದು ರಾಗದ ಛಾಯೆ, ಸಾಹಿತ್ಯದ ಭಾವ. ಉಪ್ಪಿಗಿಂತ ರುಚಿಯಿಲ್ಲವೆಂಬುದು ನಿಜ. ಎಲೆಯ ತುಂಬ ಉಪ್ಪನ್ನೇ ಬಡಿಸಿದರೆ ಊಟವೆಲ್ಲಿ?

ಧ್ವನಿವರ್ಧಕವು ರೂಢಿಗೆ ಬಾರದಿದ್ದ ದಿನಗಳಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದರು. ನಾದವು ದೊಡ್ಡ ಸಭೆಯ ಕೊನೆಯ ಸಾಲಿಗೂ ಮುಟ್ಟಬೇಕಾಗಿತ್ತು. ಇಂದು ಆ ಕೊರತೆಯಿಲ್ಲ. ಮೆಲ್ಲನೆ ನುಡಿಸಿದರೂ ಕೇಳಿಸುತ್ತದೆ. ಮೃದಂಗವಿದ್ವಾಂಸರಲ್ಲಿ ಮೊದಲಿಗರಾಗಿ 1966ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ'ಯನ್ನು ಪಡೆದ ಪಾಲ್ಘಾಟ್ ಮಣಿ ಅಯ್ಯರ್ ಧ್ವನಿವರ್ಧಕವನ್ನೇ ಒಲ್ಲದವರು. ಅವರ ಹಿರಿಮೆ ಕೈಯ ವೇಗವೊಂದರಲ್ಲೇ ಇರಲಿಲ್ಲ. ಕೃತಿಯ ನಡೆಯನ್ನು ಅನುಸರಿಸಿ, ಬೇಕಾದೆಡೆ ಸುಮ್ಮನಿರುವುದರಲ್ಲಿಯೂ ಇತ್ತು.

ಇದರಲ್ಲಿ ನಮ್ಮ ಪಾತ್ರವೂ ಉಂಟು. ಅಬ್ಬರಕ್ಕೆ ಚಪ್ಪಾಳೆ, ಸಂಯಮಕ್ಕೆ ಉಪೇಕ್ಷೆ ಎಂದಾದರೆ ತರುಣ ವಾದಕನು ಕಲಿಯುವುದಾದರೂ ಏನನ್ನು? ವಾಚಕರೆ, ಮುಂದಿನ ಕಚೇರಿಯಲ್ಲಿ ಅವನು ಕೈತಡೆದ ಕ್ಷಣಕ್ಕೂ ಒಂದು 'ಭಲೆ' ಸಲ್ಲಲಿ.