ಹಳೆಯ ಕಾರಿಗೊಂದು ಹಳೆಯ ಹೀಟರ್

ನಮ್ಮ ನಾಡಿನಲ್ಲಿ ಕಾರು ಕೊಳ್ಳುವವರು ಒಳಗೆ ತಂಪು ಮಾಡುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸುತ್ತಾರೆ. ಬ್ರಿಟನ್ನಿನಲ್ಲಿ ಬೇಕಾದದ್ದು ಬಿಸಿ. ಆದರೂ ಅಂಥ ಚಳಿಯ ದೇಶದಲ್ಲಿ ಹೀಟರ್ ಬಹುಕಾಲ ಬೇರೆ ಹಣ ತೆತ್ತು ಹಾಕಿಸಿಕೊಳ್ಳಬೇಕಾದ ವಸ್ತುವಾಗಿತ್ತು ಎಂದರೆ ಅಚ್ಚರಿಯಾದೀತು. 1959ರಲ್ಲಿ ಬಂದ ಮಿನಿ, 1962ರ ಎಂಜಿಬಿ ಕಾರುಗಳೂ ಮೊದಮೊದಲು ಇದೇ ಸಾಲಿಗೆ ಸೇರಿದ್ದವು. ಹೀಗಾಗಿ ಹಳೆಯ ಕಾರುಗಳನ್ನು ಜೋಪಾನ ಮಾಡುವ ಹವ್ಯಾಸಿಗಳಿಗೆ ಇಂದು ಒಂದು ಜಿಜ್ಞಾಸೆ: ಹೀಟರ್ ಇಲ್ಲದೆ ಹುಟ್ಟಿದ ಕಾರಿಗೆ ಈಗ ಅದನ್ನು ಜೋಡಿಸಬಹುದೇ? ಜೋಡಿಸಿದರೆ ಯಾವ ಕಾಲದ್ದನ್ನು?

ಕೆಂಡದಿಂದ ಬಿಸಿನೀರಿಗೆ

ಮೊದಲ ಕಾರುಗಳಿಗೆ ಕಿಟಕಿಯ ಗಾಜಿರಲಿ, ಸರಿಯಾದ ಮಾಡೂ ಇರಲಿಲ್ಲ. ಪ್ರಯಾಣಿಕರು ಕುದುರೆಗಾಡಿಯ ಕಾಲದಂತೆಯೇ ತುಪ್ಪಳದ ಕೋಟು, ಕಂಬಳಿ ಹೊದ್ದು, ಕಾಲಡಿಯಲ್ಲಿ ಕೆಂಡ ಇಲ್ಲವೇ ಬಿಸಿನೀರು ತುಂಬಿದ ಪೆಟ್ಟಿಗೆ ಇರಿಸಿಕೊಳ್ಳುತ್ತಿದ್ದರು. ಪ್ರತಿ ನವೆಂಬರ್‌ನಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ಸಾಗುವ, 1905ಕ್ಕಿಂತ ಹಿಂದಿನ ಕಾರುಗಳ ಓಟದಲ್ಲಿ ಈ ಕಂಬಳಿಗಳನ್ನು ಇಂದಿಗೂ ಕಾಣಬಹುದು.

ಮುಚ್ಚಿದ ಕಾರುಗಳು ಹೆಚ್ಚಿದಂತೆ ತಂತ್ರಜ್ಞರ ಕಣ್ಣು ಎಂಜಿನ್‌ನ ಮೇಲೆ ಬಿತ್ತು. ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯ ಬಹುಪಾಲು ಚಕ್ರವನ್ನು ತಲಪುವುದೇ ಇಲ್ಲ. ಹೊಗೆಯಲ್ಲಿಯೂ ರೇಡಿಯೇಟರ್‌ನ ನೀರಿನಲ್ಲಿಯೂ ಶಾಖವಾಗಿ ವ್ಯರ್ಥವಾಗುತ್ತದೆ. 1920ರ ದಶಕದ ಕೊನೆಯ ಫೋರ್ಡ್ ಮಾಡೆಲ್ ಎ ಕಾರಿಗೆ ದೊರೆಯುತ್ತಿದ್ದ ಹೀಟರ್‌ಗಳು ಹೊಗೆ ಹೊರಹೋಗುವ ಬಿಸಿ ಕೊಳವೆಯ ಸುತ್ತ ಗಾಳಿ ಹಾಯಿಸಿ ಒಳಕ್ಕೆ ಬಿಡುತ್ತಿದ್ದವು. ಉಪಾಯ ಸುಲಭ, ಅಪಾಯ ದೊಡ್ಡದು. ತುಕ್ಕು ಹಿಡಿದು ಕೊಳವೆ ತೂತಾದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ನುಗ್ಗುತ್ತದೆ.

1930ರ ದಶಕದಲ್ಲಿ ಬಿಸಿನೀರಿನ ಹೀಟರ್ ಬಳಕೆಗೆ ಬಂತು. ಎಂಜಿನ್‌ನ ಬಿಸಿನೀರನ್ನು ಕಾರಿನೊಳಗಿನ ಒಂದು ಪುಟ್ಟ ರೇಡಿಯೇಟರ್‌ಗೆ ಹರಿಸಿ, ಹಿಂದಿನಿಂದ ಫ್ಯಾನ್ ಬೀಸುವುದು ಇದರ ಕ್ರಮ. ಆರಂಭದ ಹೀಟರ್‌ಗಳು ಒಳಗಿದ್ದ ಗಾಳಿಯನ್ನೇ ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದುದರಿಂದ ಪ್ರಯಾಣಿಕರ ಉಸಿರಿನ ತೇವ ಗಾಜಿಗೆ ಮಂಜಾಗಿ ಕೂರುತ್ತಿತ್ತು. ಹೊರಗಿನ ಹೊಸ ಗಾಳಿಯನ್ನು ಸೆಳೆಯುವ ಮಾದರಿಗಳು ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು.

ಗುಜರಿಯಲ್ಲಿ ಹುಡುಕಾಟ

ಬ್ರಿಟನ್ನಿನ ಕಾರುಗಳಿಗೆ ಹೀಟರ್ ಒದಗಿಸಿದವರಲ್ಲಿ ಸ್ಮಿತ್ಸ್ ಕಂಪನಿಯ ಹೆಸರು ಪ್ರಸಿದ್ಧ. ಸುತ್ತಲೂ ಪುಟ್ಟ ಬಾಗಿಲುಗಳಿರುವ ಅದರ ದುಂಡನೆಯ ಹೀಟರ್‌ಗೆ ಇಂದಿಗೂ ಬೇಡಿಕೆಯಿದೆ. ಇಂಥ ಬಿಡಿಭಾಗಗಳು ಸಿಗುವುದು 'ಆಟೋಜಂಬಲ್' ಎಂದು ಕರೆಯುವ ಗುಜರಿ ಸಂತೆಗಳಲ್ಲಿ. ಹ್ಯಾಂಪ್‌ಷೈರ್‌ನ ಬ್ಯೂಲಿಯಲ್ಲಿ 1967ರಲ್ಲಿ ಆರಂಭವಾದ ಸಂತೆ ಇವುಗಳಲ್ಲಿ ಬಲು ಹೆಸರುವಾಸಿ.

ಸಿಕ್ಕಿದ ಹೀಟರ್ ಅಂದವಾಗಿದೆ ಎಂಬಷ್ಟಕ್ಕೇ ಕೊಳ್ಳುವಂತಿಲ್ಲ. ಅದು ಕಾರಿನ ಕಾಲದ್ದೇ ಆಗಿರಬೇಕು. ಮೋಟಾರ್ 6 ವೋಲ್ಟ್‌ನದೋ 12 ವೋಲ್ಟ್‌ನದೋ ಎಂದು ನೋಡಬೇಕು; 6 ವೋಲ್ಟ್‌ನ ಮೋಟಾರಿಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ. ದಶಕಗಳಿಂದ ಒಣಗಿ ಬಿದ್ದಿದ್ದ ಪುಟ್ಟ ರೇಡಿಯೇಟರ್‌ನೊಳಗೆ ಗಸಿ ಕಟ್ಟಿರುತ್ತದೆ. ಅದನ್ನು ತೊಳೆದು, ಸೋರಿಕೆ ಪರೀಕ್ಷಿಸಿ, ಬೇಕಾದಲ್ಲಿ ಬೆಸುಗೆ ಹಾಕಿಸದೆ ಕಾರಿಗೆ ಕೂರಿಸಿದರೆ ಬಿಸಿನೀರು ಕಾಲ ಮೇಲೆಯೇ ಸುರಿದೀತು.

ಎಂಜಿನ್‌ನ ಒಪ್ಪಿಗೆ

ಎಲ್ಲಕ್ಕಿಂತ ಮುಖ್ಯವಾಗಿ ಎಂಜಿನ್ ಒಪ್ಪಬೇಕು. ನಮ್ಮಲ್ಲಿ 'ಬೇಬಿ ಹಿಂದುಸ್ತಾನ್' ಹೆಸರಿನಲ್ಲಿ ಓಡಾಡಿದ ಮಾರಿಸ್ ಮೈನರ್‌ನ ಉದಾಹರಣೆ ನೋಡಬಹುದು. 1948ರಲ್ಲಿ ಈ ಕಾರು ಬಂದಾಗ ಅದಕ್ಕೆ ವಾಟರ್ ಪಂಪ್ ಇರಲಿಲ್ಲ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರಿ, ರೇಡಿಯೇಟರ್‌ನಲ್ಲಿ ತಣಿದು ಕೆಳಗಿಳಿಯುತ್ತಿತ್ತು. ಈ ನಿಧಾನದ ಹರಿವು ಹೀಟರ್‌ನ ಸಪೂರ ಕೊಳವೆಗಳಿಗೆ ಸಾಲದು. ಅಂಥ ಕಾರಿಗೆ ಮೊದಲು ಪಂಪ್ ಬೇಕು, ಆಮೇಲೆ ಹೀಟರ್. ಪಂಪ್ ಇದ್ದೂ ಥರ್ಮೋಸ್ಟಾಟ್ ಇಲ್ಲದಿದ್ದರೆ ಚಳಿಗಾಲದಲ್ಲಿ ಎಂಜಿನ್ನೇ ಸರಿಯಾಗಿ ಬಿಸಿಯೇರದೆ, ಹೀಟರ್‌ನಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುತ್ತದೆ. ಮುಂದಿನ ಮೈನರ್‌ಗಳಲ್ಲಿ ಈ ತೊಡಕಿಲ್ಲ. ಎಂಜಿನ್ ತಲೆಯ ಹಿಂಭಾಗದ ನಲ್ಲಿಯಿಂದ ನೀರು ಹೀಟರ್‌ಗೆ ಹೋಗಿ, ರೇಡಿಯೇಟರ್‌ನ ಕೆಳಗಿನ ಕೊಳವೆಗೆ ಮರಳುತ್ತದೆ.

ಕಾರ್ಖಾನೆಯಿಂದ ಬಂದಂತೆಯೇ ಕಾರು ಇರಬೇಕೆನ್ನುವವರು ಇದಕ್ಕೆ ಒಪ್ಪಲಾರರು. ಆದರೆ ಮಂಜು ಮುಸುಕಿದ ಗಾಜಿನಾಚೆ ರಸ್ತೆ ಕಾಣದಿದ್ದರೆ ಅಪಘಾತ ತಪ್ಪಿದ್ದಲ್ಲ. ಹೀಟರ್ ಬರೀ ಸುಖದ ವಸ್ತುವಲ್ಲ. ಅಲ್ಲದೆ, ಅಂದಿನ ಮಾಲೀಕರೂ ಕಾರು ಕೊಂಡ ಮೇಲೆ ಇದೇ ಹೀಟರನ್ನು ಕೊಂಡು ಹಾಕಿಸುತ್ತಿದ್ದರಲ್ಲವೇ? ಮುಖ್ಯವಾದದ್ದು, ಈಗಾಗಲೇ ಇರುವ ತೂತುಗಳನ್ನೇ ಬಳಸುವುದು, ಬಿಚ್ಚಿದ ಭಾಗಗಳನ್ನು ಜೋಪಾನವಾಗಿ ಎತ್ತಿಡುವುದು. ಹೀಟರನ್ನು ಎಂದಾದರೂ ತೆಗೆಯಬಹುದು. ಹಳೆಯ ತಗಡಿನಲ್ಲಿ ಹೊಸದಾಗಿ ಕೊರೆದ ತೂತಿನ ಗುರುತು ಮಾತ್ರ ಉಳಿದೇ ಉಳಿಯುತ್ತದೆ.