ದಾವೀದ ಮತ್ತು ಯೋನಾತಾನರ ಸ್ನೇಹ

ದಾವೀದ ಮತ್ತು ಯೋನಾತಾನರ ಸ್ನೇಹವು ಬೈಬಲಿನ ಹಳೆಯ ಒಡಂಬಡಿಕೆಗೆ ಸೇರಿದ ಸಮುವೇಲನ ಎರಡು ಗ್ರಂಥಗಳಲ್ಲಿ ನಿರೂಪಿತವಾಗಿದೆ. ಯೋನಾತಾನನು ಇಸ್ರಾಯೇಲರ ಮೊದಲ ಅರಸನಾದ ಸೌಲನ ಮಗ ಹಾಗೂ ಸಿಂಹಾಸನದ ಸಹಜ ಉತ್ತರಾಧಿಕಾರಿ. ದಾವೀದನು ಬೇತ್ಲೆಹೇಮಿನ ಕುರುಬ ತರುಣ. ಮುಂದೆ ಅದೇ ಸಿಂಹಾಸನವನ್ನೇರಿದವನು. ಒಬ್ಬನ ಏಳಿಗೆಯು ಮತ್ತೊಬ್ಬನ ನಷ್ಟವಾಗಿದ್ದ ಈ ಸನ್ನಿವೇಶದಲ್ಲಿಯೂ ಅವರ ಸ್ನೇಹವು ಮುರಿಯಲಿಲ್ಲ. ಈ ಕಾರಣದಿಂದ ನಂಬಿಗಸ್ತ ಗೆಳೆತನವನ್ನು ಕುರಿತ ಕ್ರೈಸ್ತ ಬೋಧನೆಯಲ್ಲಿ ಇವರನ್ನು ಪ್ರಮುಖ ನಿದರ್ಶನವಾಗಿ ಪರಿಗಣಿಸಲಾಗುತ್ತದೆ.

ಒಡಂಬಡಿಕೆ

ಫಿಲಿಷ್ಟಿಯರ ವೀರನಾದ ಗೊಲ್ಯಾತನನ್ನು ದಾವೀದನು ಕೊಂದ ಬಳಿಕ ಈ ಸ್ನೇಹವು ಆರಂಭವಾಗುತ್ತದೆ. ಯೋನಾತಾನನು ದಾವೀದನನ್ನು ತನ್ನ ಪ್ರಾಣದಂತೆಯೇ ಪ್ರೀತಿಸಿ, ಅವನೊಡನೆ ಒಡಂಬಡಿಕೆ ಮಾಡಿಕೊಂಡನೆಂದೂ, ತನ್ನ ನಿಲುವಂಗಿ, ಯುದ್ಧವಸ್ತ್ರ, ಕತ್ತಿ, ಬಿಲ್ಲು ಮತ್ತು ನಡುಕಟ್ಟುಗಳನ್ನು ಅವನಿಗೆ ಕೊಟ್ಟನೆಂದೂ ಗ್ರಂಥವು ಹೇಳುತ್ತದೆ. ಇದಕ್ಕೆ ಹಿಂದಿನ ಒಂದು ಯುದ್ಧದ ವರ್ಣನೆಯಲ್ಲಿ, ಇಸ್ರಾಯೇಲರ ಸೈನ್ಯದಲ್ಲಿ ಸೌಲ ಮತ್ತು ಯೋನಾತಾನರ ಹೊರತು ಬೇರಾರ ಬಳಿಯೂ ಕತ್ತಿಯಾಗಲಿ ಈಟಿಯಾಗಲಿ ಇರಲಿಲ್ಲವೆಂಬ ಮಾತಿದೆ. ಆ ಹಿನ್ನೆಲೆಯಲ್ಲಿ ಈ ಕೊಡುಗೆಯು ಕೇವಲ ಮೆಚ್ಚುಗೆಯ ಉಡುಗೊರೆಯಲ್ಲ. ರಾಜಕುಮಾರನು ತನ್ನ ಸ್ಥಾನದ ಗುರುತುಗಳನ್ನೇ ಗೆಳೆಯನಿಗೆ ಒಪ್ಪಿಸಿದನೆಂದು ಅನೇಕ ವ್ಯಾಖ್ಯಾನಕಾರರು ಅರ್ಥೈಸುತ್ತಾರೆ.

ಒಡಂಬಡಿಕೆಯೆಂದರೆ ದೇವರನ್ನು ಸಾಕ್ಷಿಯಾಗಿಟ್ಟು ಕೊಡುವ ವಾಗ್ದಾನ. ಈ ಪ್ರಸಂಗದಲ್ಲಿ ಮತ್ತೆ ಮತ್ತೆ ಬರುವ 'ಹೆಸೆದ್' ಎಂಬ ಹೀಬ್ರೂ ಪದವು, ಮಾತು ಕೊಟ್ಟವರು ಕಷ್ಟಕಾಲದಲ್ಲಿಯೂ ಬಿಡದೆ ತೋರುವ ಕರುಣೆ ಹಾಗೂ ನಿಷ್ಠೆಯನ್ನು ಸೂಚಿಸುತ್ತದೆ. ಭಾವನೆ ಏರಿಳಿಯಬಹುದು, ಕೊಟ್ಟ ಮಾತು ಏರಿಳಿಯಬಾರದು ಎಂಬುದು ಇದರ ತಾತ್ಪರ್ಯ.

ಪರೀಕ್ಷೆಯ ಕಾಲ

ದಾವೀದನ ಜನಪ್ರಿಯತೆಯು ಹೆಚ್ಚಿದಂತೆ ಸೌಲನು ಅಸೂಯೆಯಿಂದ ಅವನನ್ನು ಕೊಲ್ಲಲು ಯತ್ನಿಸಿದನು. ಯೋನಾತಾನನು ಗೆಳೆಯನಿಗೆ ಎಚ್ಚರಿಕೆ ಕೊಟ್ಟುದಲ್ಲದೆ, ತಂದೆಯ ಎದುರು ನಿಂತು ದಾವೀದನ ನಿರಪರಾಧವನ್ನು ವಾದಿಸಿದನು. ಸೌಲನು ಆಗ ಅವನನ್ನು ಕೊಲ್ಲುವುದಿಲ್ಲವೆಂದು ಆಣೆಯಿಟ್ಟರೂ ಅದನ್ನು ಉಳಿಸಿಕೊಳ್ಳಲಿಲ್ಲ.

ಅನಂತರ ತಂದೆಯ ನಿಜವಾದ ಉದ್ದೇಶವನ್ನು ತಿಳಿಯಲು ಗೆಳೆಯರು ಒಂದು ಉಪಾಯ ಮಾಡಿದರು. ಅಮಾವಾಸ್ಯೆಯ ಹಬ್ಬದೂಟಕ್ಕೆ ದಾವೀದನು ಬರದೆ ಹೊಲದಲ್ಲಿ ಅಡಗಿರಬೇಕು. ಯೋನಾತಾನನು ಬಾಣಗಳನ್ನು ಎಸೆದು, ಅವುಗಳನ್ನು ಹೆಕ್ಕಲು ಹೋಗುವ ಹುಡುಗನಿಗೆ ಹೇಳುವ ಮಾತಿನ ಮೂಲಕ ಸೂಚನೆ ಕೊಡಬೇಕು. ಬಾಣಗಳು ಹುಡುಗನ ಈಚೆಗಿವೆಯೆಂದರೆ ಕ್ಷೇಮ, ಆಚೆಗಿವೆಯೆಂದರೆ ಅಪಾಯ. ದಾವೀದನು ಬದುಕಿರುವವರೆಗೆ ನಿನ್ನ ರಾಜ್ಯವು ಸ್ಥಿರವಾಗದೆಂದು ಸೌಲನು ಊಟದ ಸಮಯದಲ್ಲಿ ಮಗನಿಗೆ ಬಿಡಿಸಿ ಹೇಳಿದನು. ಅವನು ಮಾಡಿದ ತಪ್ಪಾದರೂ ಏನೆಂದು ಯೋನಾತಾನನು ಕೇಳಿದಾಗ, ತಂದೆಯು ಅವನ ಕಡೆಗೇ ಈಟಿಯನ್ನೆಸೆದನು. ಮರುದಿನ ಬೆಳಿಗ್ಗೆ ಬಾಣಗಳ ಸೂಚನೆಯ ನಂತರ ಇಬ್ಬರೂ ಅಳುತ್ತಾ ಅಗಲಿದರು.

ಮುಂದೆ ದಾವೀದನು ಜೀಫ್ ಅರಣ್ಯದಲ್ಲಿ ತಲೆಮರೆಸಿಕೊಂಡಿದ್ದಾಗ ಯೋನಾತಾನನು ಅವನನ್ನು ಹುಡುಕಿಕೊಂಡು ಹೋಗಿ, ದೇವರಲ್ಲಿ ಧೈರ್ಯಗೊಳಿಸಿದನು. ಅರಸನಾಗುವವನು ನೀನೇ, ನಾನು ನಿನಗೆ ಎರಡನೆಯವನಾಗಿರುವೆನೆಂದು ಅಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡನು. ಇದು ಅವರ ಕೊನೆಯ ಭೇಟಿ.

ಯೋನಾತಾನನು ತಂದೆಯನ್ನೂ ತೊರೆಯಲಿಲ್ಲ. ತಂದೆಯ ಅನ್ಯಾಯಕ್ಕೆ ಸಹಕರಿಸದಿದ್ದರೂ, ಗಿಲ್ಬೋವ ಬೆಟ್ಟದಲ್ಲಿ ಫಿಲಿಷ್ಟಿಯರೊಡನೆ ನಡೆದ ಯುದ್ಧದಲ್ಲಿ ಸೌಲನ ಪಕ್ಷದಲ್ಲಿಯೇ ಹೋರಾಡಿ ಮಡಿದನು. ಗೆಳೆಯನ ಮೇಲಣ ನಿಷ್ಠೆಯು ತಂದೆಯ ದ್ವೇಷವಾಗಬೇಕಿಲ್ಲ, ತಂದೆಯ ಮೇಲಣ ಗೌರವವು ಅವನ ತಪ್ಪಿನ ಸಮರ್ಥನೆಯಾಗಬೇಕಿಲ್ಲ ಎಂಬುದನ್ನು ಅವನ ಜೀವನವು ತೋರಿಸುತ್ತದೆ.

ಮರಣಾನಂತರದ ನಿಷ್ಠೆ

ತನ್ನ ಮನೆತನಕ್ಕೆ ಎಂದೆಂದಿಗೂ ದಯೆ ತೋರಿಸಬೇಕೆಂದು ಯೋನಾತಾನನು ದಾವೀದನಿಂದ ಮಾತು ಪಡೆದಿದ್ದನು. ಪ್ರಾಚೀನ ಕಾಲದಲ್ಲಿ ಹೊಸ ಅರಸನು ಹಿಂದಿನ ರಾಜಮನೆತನದವರನ್ನು ನಿರ್ಮೂಲ ಮಾಡುವುದು ಅಪರೂಪವಾಗಿರಲಿಲ್ಲ. ದಾವೀದನಾದರೋ ಅರಸನಾದ ಮೇಲೆ ಯೋನಾತಾನನ ಮಗ ಮೆಫೀಬೋಶೆತನನ್ನು ಲೋದೆಬಾರಿನಿಂದ ಕರೆಯಿಸಿದನು. ಇವನು ಐದು ವರ್ಷದ ಮಗುವಾಗಿದ್ದಾಗ, ಗಿಲ್ಬೋವದ ಸೋಲಿನ ಸುದ್ದಿ ಕೇಳಿ ಎತ್ತಿಕೊಂಡು ಓಡುತ್ತಿದ್ದ ದಾದಿಯ ಕೈಯಿಂದ ಬಿದ್ದು ಎರಡೂ ಕಾಲುಗಳ ಬಲವನ್ನು ಕಳೆದುಕೊಂಡಿದ್ದನು. ದಾವೀದನು ಅವನಿಗೆ ಸೌಲನ ಭೂಮಿಯನ್ನು ಹಿಂದಿರುಗಿಸಿ, ಅರಮನೆಯ ಪಂಕ್ತಿಯಲ್ಲಿ ನಿತ್ಯವೂ ಊಟಕ್ಕೆ ಕೂರಿಸಿಕೊಂಡನು.

ಈ ನಿಷ್ಠೆಯೂ ಕುಂದಿಲ್ಲದೆ ಉಳಿಯಲಿಲ್ಲ. ಅಬ್ಷಾಲೋಮನ ದಂಗೆಯ ಸಮಯದಲ್ಲಿ ಚೀಬನೆಂಬ ಸೇವಕನು ಮೆಫೀಬೋಶೆತನ ಮೇಲೆ ದ್ರೋಹದ ಆರೋಪ ಹೊರಿಸಿದಾಗ, ದಾವೀದನು ವಿಚಾರಿಸದೆಯೇ ಅವನ ಆಸ್ತಿಯನ್ನೆಲ್ಲ ಚೀಬನಿಗೆ ಕೊಟ್ಟನು; ಮುಂದೆ ಎರಡೂ ಕಡೆಯ ಮಾತು ಕೇಳಿ ಭೂಮಿಯನ್ನು ಹಂಚಿದನು. ಆದರೂ ಸೌಲನ ವಂಶದ ಏಳು ಮಂದಿಯನ್ನು ಗಿಬ್ಯೋನ್ಯರಿಗೆ ಒಪ್ಪಿಸಬೇಕಾಗಿ ಬಂದಾಗ, ಹಳೆಯ ಪ್ರಮಾಣವನ್ನು ನೆನೆದು ಮೆಫೀಬೋಶೆತನನ್ನು ಉಳಿಸಿದನು.

ಕ್ರೈಸ್ತ ಬೋಧನೆಯಲ್ಲಿ

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ದಾಸರೆನ್ನದೆ ಸ್ನೇಹಿತರೆಂದು ಕರೆಯುತ್ತಾನೆ ಹಾಗೂ ಸ್ನೇಹಿತರಿಗಾಗಿ ಪ್ರಾಣವನ್ನು ಕೊಡುವುದೇ ಪ್ರೀತಿಯ ಪರಮಾವಧಿಯೆಂದು ಬೋಧಿಸುತ್ತಾನೆ. ಗೆಳೆಯನಿಗಾಗಿ ರಾಜ್ಯವನ್ನೇ ಬಿಟ್ಟುಕೊಟ್ಟ ಯೋನಾತಾನನನ್ನು ಕ್ರೈಸ್ತ ಬೋಧಕರು ಈ ಮಾತಿನ ಬೆಳಕಿನಲ್ಲಿ ಕಂಡಿದ್ದಾರೆ.

4ನೆಯ ಶತಮಾನದಲ್ಲಿ ಮಿಲಾನಿನ ಬಿಷಪರಾಗಿದ್ದ ಸಂತ ಆಂಬ್ರೋಸರು ಕರ್ತವ್ಯಗಳನ್ನು ಕುರಿತ ತಮ್ಮ ಗ್ರಂಥವನ್ನು ಸ್ನೇಹದ ವಿವೇಚನೆಯೊಂದಿಗೆ ಮುಗಿಸುತ್ತಾರೆ. ನಿರಪರಾಧಿಯಾದ ಗೆಳೆಯನ ಪರವಾಗಿ ನಿಲ್ಲಬೇಕು, ಆದರೆ ಅವನ ತಪ್ಪನ್ನು ತಿದ್ದಲು ಹಿಂಜರಿಯಬಾರದು ಎಂಬುದು ಅವರ ನಿಲುವು. ಇಂಗ್ಲೆಂಡಿನ ರೀವೋ ಮಠದ ಅಧಿಪತಿಯಾಗಿದ್ದ ಏಲ್ರೆಡರು (1110–1167) 'ಆಧ್ಯಾತ್ಮಿಕ ಸ್ನೇಹ' ಎಂಬ ಸಂವಾದರೂಪದ ಲ್ಯಾಟಿನ್ ಕೃತಿಯಲ್ಲಿ ಯೋನಾತಾನನನ್ನು ಆದರ್ಶ ಸ್ನೇಹಿತನೆಂದು ಕೊಂಡಾಡಿದ್ದಾರೆ. ಗೆಳೆಯನನ್ನು ಮೊದಲು ಆರಿಸಬೇಕು, ಬಳಿಕ ಪರೀಕ್ಷಿಸಬೇಕು, ಆಮೇಲೆಯೇ ಸ್ವೀಕರಿಸಬೇಕೆಂದು ಹೇಳುವ ಅವರು, ನಿಷ್ಠೆ, ಶುದ್ಧ ಉದ್ದೇಶ, ವಿವೇಕ ಮತ್ತು ತಾಳ್ಮೆ ಎಂಬ ನಾಲ್ಕು ಗುಣಗಳನ್ನು ಪರೀಕ್ಷಿಸುವಂತೆ ಸೂಚಿಸುತ್ತಾರೆ.

ಇತರ ದೃಷ್ಟಿಗಳು

ಯೆಹೂದ್ಯರ 'ಪಿರ್ಕೇ ಅವೋತ್' ಎಂಬ ನೀತಿಸಂಗ್ರಹವು ಇವರ ಪ್ರೀತಿಯನ್ನು ಯಾವ ಲಾಭವನ್ನೂ ಆಶ್ರಯಿಸದ, ಆದ್ದರಿಂದಲೇ ಅಳಿಯದ ಪ್ರೀತಿಗೆ ಉದಾಹರಣೆಯಾಗಿ ಕೊಡುತ್ತದೆ. ಆಧುನಿಕ ವಿದ್ವಾಂಸರಲ್ಲಿ ಕೆಲವರು ಇದರಲ್ಲಿ ದಾವೀದನ ಅಧಿಕಾರವನ್ನು ಸಮರ್ಥಿಸುವ ರಾಜಕೀಯ ಒಪ್ಪಂದದ ಭಾಷೆಯನ್ನು ಗುರುತಿಸಿದರೆ, ಮತ್ತೆ ಕೆಲವರು ಪ್ರಣಯದ ಛಾಯೆಯನ್ನು ಕಂಡಿದ್ದಾರೆ. ಸಾಂಪ್ರದಾಯಿಕ ಕ್ರೈಸ್ತ ವ್ಯಾಖ್ಯಾನವು ಇದನ್ನು ದೇವರ ಮುಂದೆ ಕೊಟ್ಟ ಮಾತಿಗೆ ಬದ್ಧವಾದ ಸ್ನೇಹವೆಂದೇ ಗ್ರಹಿಸುತ್ತದೆ.